ಊರಿನ ಕೆಲಸಕ್ಕೆ ಕೈ ಹಾಕಿದ್ದರಿಂದ ನಿಮಗೇನು ಸಿಕ್ಕಿತು?

ತುಂಗೆಯ ದಂಡೆ (ಶಿವಮೊಗ್ಗ), ಭಾನುವಾರ ಬೆಳಿಗ್ಗೆ

ಎಲ್ಲರಿಗೂ ನಮಸ್ಕಾರ. ಮೊನ್ನೆ ಒಂದು ಮದುವೆ ಮನೆಯಲ್ಲಿ ಊಟಕ್ಕೆ ಕೂತಾಗ ನನ್ನ ತಂಗಿ ಕೇಳಿದಳು. "ವಾರಕ್ಕೆ ಮೂರು ದಿನ ಆ ಮಕ್ಕಳಿಗೆ ಪುಸ್ತಕ ಓದಿ ಹೇಳೋಕೆ ಹೋಗ್ತೀಯಲ್ಲ ಅಕ್ಕ, ಅದರಿಂದ ನಿನಗೇನು ಸಿಗತ್ತೆ?" ನನ್ನ ಬಾಯಿಗೆ ಬಂದಿದ್ದು "ಪುಣ್ಯ ಕಣೇ" ಅಂತ. ಅವಳು ಸುಮ್ಮನಾದಳು. ಮನೆಗೆ ಬಂದ ಮೇಲೆ ನನಗೇ ಸಮಾಧಾನ ಆಗಲಿಲ್ಲ. ಪುಣ್ಯಕ್ಕೆ ಅಂತ ನಾನು ಹೋಗಿದ್ದಲ್ಲ. ಮಧ್ಯಾಹ್ನ ಹೊತ್ತು ಹೋಗುತ್ತಿರಲಿಲ್ಲ, ಅದಕ್ಕೆ ಹೋಗಿದ್ದು.

ಎರಡು ವರ್ಷದ ಹಿಂದೆ ಬ್ಯಾಂಕ್ ಕೆಲಸದಿಂದ ನಿವೃತ್ತಳಾದೆ. ಅದೇ ವರ್ಷ ಮಗಳ ಮದುವೆಯೂ ಆಯಿತು. ಬೆಳಿಗ್ಗೆ ತಿಂಡಿ, ಅಡುಗೆ, ಪೇಪರ್ ಎಲ್ಲ ಮುಗಿಸಿ ಗಡಿಯಾರ ನೋಡಿದರೆ ಇನ್ನೂ ಹನ್ನೊಂದು ಗಂಟೆ. ಸಂಜೆವರೆಗೆ ಫೋನ್ ಒಂದು ಸಲವೂ ಹೊಡೆದುಕೊಳ್ಳದ ದಿನಗಳಿದ್ದವು. ಆಗ ಪಕ್ಕದ ಮನೆಯವರು ಕಣ್ಣು ಕಾಣದ ಕಾಲೇಜು ಮಕ್ಕಳಿಗೆ ಪಾಠ ಓದಿ ಹೇಳುವವರು ಬೇಕಂತೆ ಅಂದರು.

ಓದುವುದು ಸುಲಭ ಅಂದುಕೊಂಡಿದ್ದೆ. ಮೊದಲನೇ ವಾರವೇ ಒಂದು ಪಾಠದಲ್ಲಿ "ಕೆಳಗಿನ ನಕ್ಷೆ ನೋಡಿ" ಅಂತ ಬಂತು. ತುಂಗಾ ಭದ್ರಾ ನದಿಗಳ ನಕ್ಷೆ. ಎದುರಿಗೆ ಕೂತ ಹುಡುಗ ಹುಟ್ಟಿನಿಂದಲೇ ಕಣ್ಣು ಕಾಣದವನು. ನಕ್ಷೆ ಅಂದರೆ ಏನು ಅಂತಲೇ ಅವನಿಗೆ ಹೇಗೆ ಹೇಳುವುದು? ಸ್ವಲ್ಪ ಹೊತ್ತು ಯೋಚಿಸಿ ಅವನ ಎಡಗೈ ಹಿಡಿದುಕೊಂಡೆ. ಹೆಬ್ಬೆರಳಿನ ತುದಿಗೆ ತೋರುಬೆರಳಿನ ತುದಿ ಮುಟ್ಟಿಸಿ ಬಳೆ ಹಾಗೆ ಮಾಡು ಅಂದೆ. "ತುದಿ ಸೇರಿದ ಜಾಗ ಗಂಗಾಮೂಲ, ವರಾಹ ಪರ್ವತ. ಎರಡು ನದಿಯೂ ಹುಟ್ಟೋದು ಅಲ್ಲೇ. ತೋರುಬೆರಳು ತುಂಗೆ. ಈ ಗೆಣ್ಣು ಶೃಂಗೇರಿ, ಇದು ತೀರ್ಥಹಳ್ಳಿ, ಇಲ್ಲಿ ಗಾಜನೂರು, ಆಮೇಲೆ ನಮ್ಮ ಶಿವಮೊಗ್ಗ. ಹೆಬ್ಬೆರಳು ಭದ್ರೆ. ಎರಡು ಬೆರಳೂ ಬುಡದಲ್ಲಿ ಸೇರತ್ತಲ್ಲ, ಅದು ಕೂಡ್ಲಿ. ಅಲ್ಲಿಂದ ಮುಂದೆ ನಿನ್ನ ಕೈಯೆಲ್ಲ ತುಂಗಭದ್ರೆ." ಅವನು ಬಲಗೈಯಿಂದ ನಿಧಾನಕ್ಕೆ ಆ ಬೆರಳುಗಳನ್ನು ಸವರಿ ನೋಡಿದ. ಎರಡು ಸಲ. "ಮೇಡಂ, ನಮ್ಮೂರು ಭದ್ರಾವತಿ. ಹಾಗಾದ್ರೆ ನಾನು ಹೆಬ್ಬೆರಳಿನವನು" ಅಂದ.

ಗಂಗಾ ಸ್ನಾನ, ತುಂಗಾ ಪಾನ ಅಂತಾರೆ. ಅರವತ್ತು ವರ್ಷದಿಂದ ತುಂಗೆ ನೀರು ಕುಡಿಯುತ್ತಿದ್ದೇನೆ. ಆ ನದಿ ಹೇಗೆ ಹರಿದು ಬರುತ್ತದೆ ಅಂತ ನನ್ನ ಮನಸ್ಸಿಗೆ ಸರಿಯಾಗಿ ಕೂತಿದ್ದು ಆ ದಿನ. ಈಗ ನಾನು ಹೋದ ಕೂಡಲೇ ದನಿ ಗುರುತಿಸಿ ಆ ಹುಡುಗ ಬೆರಳು ಬಳೆ ಮಾಡಿ ತೋರಿಸುತ್ತಾನೆ.

ತಂಗಿಗೆ ಇದನ್ನು ಹೇಳಬೇಕಿತ್ತು. ಮಾಡಿದ್ದರಿಂದ ನನಗೂ ಸಿಕ್ಕಿತು ಅಂತ ಹೇಳುವುದು ಸ್ವಾರ್ಥ ಅನ್ನಿಸಿಕೊಳ್ಳುತ್ತದಾ? ನೀವೆಲ್ಲ ಏನೇನೋ ಕೆಲಸ ಮಾಡುತ್ತೀರಿ. ನಿಮಗೆ ಏನು ಸಿಕ್ಕಿತು, ಮುಚ್ಚುಮರೆ ಇಲ್ಲದೆ ಹೇಳಿ.

ಸಂಕದಾಚೆ (ಹೊಸನಗರ ತಾಲ್ಲೂಕು), ಭಾನುವಾರ ಮಧ್ಯಾಹ್ನ

ಅಕ್ಕ, ನಿಮ್ಮದು ಓದಿ ನಾನೂ ಬೆರಳು ಮಡಚಿ ನೋಡಿದೆ. ಸ್ವಾರ್ಥ ಏನೂ ಅಲ್ಲ. ನನ್ನದು ಹೇಳುತ್ತೇನೆ, ಸ್ವಲ್ಪ ಉದ್ದ ಇದೆ.

ನಮ್ಮ ಹಳ್ಳದ ಆಚೆ ಹದಿನಾಲ್ಕು ಮನೆ, ಈಚೆ ಶಾಲೆ ಮತ್ತು ಬಸ್ಸು. ಬೇಸಿಗೆಯಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ದಾಟಬಹುದು. ಆರಿದ್ರ ಮಳೆ ಹಿಡಿದರೆ ಎದೆಮಟ್ಟ ನೀರು. ಹಾಗಾಗಿ ಪ್ರತಿ ವರ್ಷ ರೋಹಿಣಿ ಮಳೆ ಹೊತ್ತಿಗೆ ಊರವರೆಲ್ಲ ಸೇರಿ ಕಾಲುಸಂಕ, ಅಂದರೆ ನಡೆದು ದಾಟುವ ಮರದ ಸೇತುವೆ, ಕಟ್ಟುತ್ತಾರೆ. ಅಲ್ಲೊಂದು ಕಾಯಂ ಸೇತುವೆ ಆಗಬೇಕು, ಅದಕ್ಕೆ ಅರ್ಜಿ ಕೊಡುವುದನ್ನು ನಾವು ಬಿಟ್ಟಿಲ್ಲ. ಆದರೆ ಮಳೆ ಅರ್ಜಿಗೆ ಕಾಯುವುದಿಲ್ಲವಲ್ಲ.

2020ರಲ್ಲಿ ಲಾಕ್‌ಡೌನ್ ಆದಾಗ ಬೆಂಗಳೂರಿನ ಕೆಲಸ ಹೋಯಿತು, ಊರಿಗೆ ಬಂದೆ. ಹತ್ತು ವರ್ಷ ಹೊರಗಿದ್ದವನು. ಯಾರೂ ಏನೂ ಅನ್ನಲಿಲ್ಲ, ಹಾಗಂತ ಯಾರೂ ಕರೆಯಲೂ ಇಲ್ಲ. "ಮೇಲಿನಮನೆಯವರ ಮಗ ಬಂದಿದಾನಂತೆ", ಅಷ್ಟೇ. ಮೇ ಕೊನೆಯಲ್ಲಿ ಸಂಕ ಕಟ್ಟುವ ದಿನ ಸುಮ್ನೆ ನೋಡೋಣ ಅಂತ ಹೋದೆ. ಒಬ್ಬ ಅಜ್ಜ ನನ್ನ ಮುಖವನ್ನೂ ನೋಡದೆ ಹಗ್ಗದ ತುದಿ ಕೈಗೆ ಕೊಟ್ಟು "ಎಳಿ" ಅಂದರು. ಎಳೆದೆ.

ಆರು ಅಡಿಕೆ ಮರ ಉರುಳಿಸಿ ತಂದಿದ್ದರು. ಎಲ್ಲ ಮುದಿ ಮರ, ಫಸಲು ನಿಂತವು. ಅವನ್ನು ಒಂದರ ಬುಡ ಇನ್ನೊಂದರ ತುದಿ ಪಕ್ಕ ಬರುವ ಹಾಗೆ ಅದಲುಬದಲು ಇಡಬೇಕು. ಇಲ್ಲದಿದ್ದರೆ ಸಂಕ ಒಂದು ಕಡೆ ಅಗಲ, ಒಂದು ಕಡೆ ಸಪೂರ ಆಗುತ್ತದೆ. ಮೇಲೆ ಬಿದಿರಿನ ದಬ್ಬೆ ಅಡ್ಡ ಹಾಕಿ ಕಟ್ಟಬೇಕು. ಅಡಿಕೆ ಮರ ನೆನೆದು ಪಾಚಿ ಹಿಡಿದರೆ ಕಾಲು ನಿಲ್ಲುವುದಿಲ್ಲ, ಅದಕ್ಕೆ. ಕಡೆಗೆ ಕೈ ಹಿಡಿದುಕೊಳ್ಳಲು ಉದ್ದಕ್ಕೆ ಬಿದಿರು. ಅದನ್ನು ನಮ್ಮ ಸೊಂಟದ ಮಟ್ಟಕ್ಕೆ ಕಟ್ಟಿ ಮುಗಿಸಿದ್ದೆವು. ಅಜ್ಜ ಬಂದು ನೋಡಿ, ಅಲ್ಲೇ ಆಡುತ್ತಿದ್ದ ಒಂದನೇ ಕ್ಲಾಸಿನ ಹುಡುಗಿಯನ್ನು ಕರೆದು ಸಂಕದ ಮೇಲೆ ನಿಲ್ಲಿಸಿದರು. ಅವಳ ಭುಜದ ಹತ್ತಿರ ಕತ್ತಿಯಿಂದ ಗುರುತು ಮಾಡಿ "ಇಲ್ಲೊಂದು ಕಟ್ಟಿ" ಅಂದರು. ಬೆಂಗಳೂರಲ್ಲಿ ಎಷ್ಟೋ ಮೀಟಿಂಗಿನಲ್ಲಿ ಕೂತಿದ್ದೇನೆ. ಯಾರಿಗಾಗಿ ಈ ಕೆಲಸ ಅನ್ನುವುದು ಅಷ್ಟು ಸ್ಪಷ್ಟವಾಗಿ ನನಗೆ ಯಾವತ್ತೂ ಕಂಡಿರಲಿಲ್ಲ.

ಮಾರನೇ ದಿನದಿಂದ ಊರವರು ನನ್ನನ್ನು ಹೆಸರು ಹಿಡಿದು ಕರೆಯಲು ಶುರು ಮಾಡಿದರು.

ಇನ್ನೊಂದಿದೆ. ಈಗ ರಾತ್ರಿ ಮಳೆ ಜೋರಾದರೆ ನನಗೆ ಎಚ್ಚರ ಆಗುತ್ತದೆ. ಸಂಕ ಗಟ್ಟಿ ಇದೆಯೋ ಇಲ್ಲವೋ ಅಂತ ಯೋಚನೆ. ಬೆಳಕು ಹರಿಯುವ ಮೊದಲೇ ಟಾರ್ಚ್ ಹಿಡಿದು ಹೋಗುತ್ತೇನೆ, ಅಲ್ಲಿ ಇನ್ನಿಬ್ಬರು ಆಗಲೇ ನಿಂತಿರುತ್ತಾರೆ. ಮೊದಲೆಲ್ಲ ಮಳೆ ಬಂದರೆ ನನಗೆ ನನ್ನ ಬೈಕಿನ ಚಿಂತೆ ಮಾತ್ರ ಇತ್ತು. ಹದಿನಾಲ್ಕು ಮನೆಯ ಚಿಂತೆ ಈಗ ನನ್ನದೂ ಹೌದು. ಇದನ್ನೂ ನಾನು ಸಿಕ್ಕಿದ್ದು ಅಂತಲೇ ಲೆಕ್ಕ ಹಾಕುತ್ತೇನೆ.

ನಮ್ಮ ಕಡೆ ಮುಯ್ಯಾಳು ಪದ್ಧತಿ ಎಲ್ಲರಿಗೂ ಗೊತ್ತು. ನೀವು ನಮ್ಮ ಗದ್ದೆ ನಾಟಿಗೆ ಬಂದರೆ ನಾನು ನಿಮ್ಮ ಗದ್ದೆಗೆ ಬರಬೇಕು. ದಿನಕ್ಕೆ ದಿನ, ಆಳಿಗೆ ಆಳು. ಅಲ್ಲಿ ಲೆಕ್ಕ ಇದೆ. ಹೋದ ವರ್ಷ ಅಡಿಕೆ ಕೊನೆಕೊಯ್ಲಿನ ಹೊತ್ತಿಗೇ ಅಮ್ಮನ ಆಪರೇಷನ್ ಆಯಿತು. ಹಸಿ ಅಡಿಕೆ ಕೊಯ್ದ ಮೇಲೆ ಇಡುವ ಹಾಗಿಲ್ಲ, ಸುಲಿದು ಬೇಯಿಸಲೇಬೇಕು. ನಾನು ಆಸ್ಪತ್ರೆಯಲ್ಲಿದ್ದೆ. ಸಂಜೆಗೆ ಹನ್ನೊಂದು ಜನ ಅಡಿಕೆ ಸುಲಿಯುವ ಅವರವರ ಮೆಟ್ಟುಗತ್ತಿ ಹಿಡಿದುಕೊಂಡು ನಮ್ಮ ಅಂಗಳಕ್ಕೆ ಬಂದಿದ್ದರಂತೆ. ಅದರಲ್ಲಿ ಇಬ್ಬರಿಗೆ ತೋಟವೇ ಇಲ್ಲ. ನಿಮಗೆ ಮುಯ್ಯಿ ಹೇಗೆ ತೀರಿಸಲಿ ಅಂತ ಆಮೇಲೆ ಕೇಳಿದೆ. "ಸಂಕಕ್ಕೆ ಬರ್ತೀಯಲ್ಲ ಮಾರಾಯ" ಅಂದರು.

ಆಟೋ ಸ್ಟ್ಯಾಂಡ್ (ಭದ್ರಾವತಿ), ಭಾನುವಾರ ಸಂಜೆ

ನಾನೂ ಹೆಬ್ಬೆರಳಿನವನೇ ಮೇಡಂ.

ನಾನು ರಕ್ತ ಕೊಡುತ್ತೇನೆ. ಇಲ್ಲಿವರೆಗೆ 31 ಸಲ. ಮೊದಲ ಸಲ ಹೋದಾಗ ವಾಪಸ್ ಕಳಿಸಿದ್ದರು. ಹಿಮೋಗ್ಲೋಬಿನ್ 12.5 ಇರಬೇಕಂತೆ, ನನ್ನದು 11.8 ಇತ್ತು. ದಿನಾ ಆಟೋ ಓಡಿಸುವ ಗಟ್ಟಿ ಆಳು ನಾನು, ನನ್ನ ರಕ್ತ ಸಾಲದು ಅಂದರಲ್ಲ ಅಂತ ಬೇಜಾರಾಯಿತು. ಮನೆಯಲ್ಲಿ ಹೇಳಿದೆ. ಅವತ್ತಿಂದ ನಮ್ಮ ಮನೆಯಲ್ಲಿ ಸೊಪ್ಪು, ಮೊಳಕೆಕಾಳು ಜಾಸ್ತಿ ಆಯಿತು. ಗುಟ್ಕಾ ಬಿಟ್ಟೆ. ಮೂರು ತಿಂಗಳು ಬಿಟ್ಟು ಹೋದರೆ 13.2.

ಗಂಡಸರು 90 ದಿನಕ್ಕೊಮ್ಮೆ, ಹೆಂಗಸರು 120 ದಿನಕ್ಕೊಮ್ಮೆ ಕೊಡಬಹುದು. ವಯಸ್ಸು 18ರಿಂದ 65, ತೂಕ ಕಡಿಮೆ ಅಂದರೂ 45 ಕೆಜಿ ಇರಬೇಕು. ಪ್ರತಿ ಸಲ ಬಿಪಿ, ತೂಕ ನೋಡುತ್ತಾರೆ. ಕೊಟ್ಟ ರಕ್ತವನ್ನು ಎಚ್‌ಐವಿ, ಎರಡು ತರದ ಕಾಮಾಲೆ, ಸಿಫಿಲಿಸ್, ಮಲೇರಿಯಾ ಇಷ್ಟಕ್ಕೂ ಪರೀಕ್ಷೆ ಮಾಡುತ್ತಾರೆ. ನನ್ನ ಆರೋಗ್ಯದ ಮೇಲೆ ಒಂದು ಕಣ್ಣು ಇದ್ದ ಹಾಗೆ ಆಯಿತಲ್ವಾ?

ಆದರೆ ನನಗೆ ಅದಕ್ಕಿಂತ ದೊಡ್ಡದು ಬೇರೆ. ನನ್ನ ರಕ್ತ ಯಾರಿಗೆ ಹೋಯಿತು ಅಂತ ನನಗೆ ಹೇಳುವುದಿಲ್ಲ. ಆಟೋದಲ್ಲಿ ದಿನಕ್ಕೆ ಮೂವತ್ತು ನಲವತ್ತು ಜನ ಕೂರುತ್ತಾರೆ. ಇವರಲ್ಲಿ ಒಬ್ಬರು ಇರಬಹುದು ಅನ್ನಿಸುತ್ತದೆ. ಚಿಲ್ಲರೆಗೆ ಜಗಳ ಮಾಡುವುದು ಕಡಿಮೆ ಮಾಡಿದ್ದೇನೆ.

ಎಣ್ಣೆ ಬಾಟಲಿ (ಸಾಗರ ತಾಲ್ಲೂಕು), ಭಾನುವಾರ ರಾತ್ರಿ

ಎಲ್ಲರದ್ದೂ ಓದಿ ಖುಷಿ ಆಯಿತು. ನನ್ನ ಮಾತು ಸ್ವಲ್ಪ ಬೇರೆ, ಬೇಸರ ಮಾಡಿಕೊಳ್ಳಬೇಡಿ.

ನಾನು ಆಶಾ ಕಾರ್ಯಕರ್ತೆ. 2005ರಲ್ಲಿ ಯೋಜನೆ ಶುರುವಾದಾಗಿನಿಂದ ಕಾಗದದಲ್ಲಿ ನಮ್ಮನ್ನು ಸ್ವಯಂಸೇವಕಿಯರು ಅಂತಲೇ ಕರೆಯುತ್ತಾರೆ. ನಮಗೆ ಬರುವುದು ಗೌರವಧನ, ಪ್ರೋತ್ಸಾಹಧನ. ಸಂಬಳ ಅಂತ ಹೇಳುವುದಿಲ್ಲ. ಸುಮಾರು ಸಾವಿರ ಜನಕ್ಕೆ ಒಬ್ಬಳು ಅಂತ ಲೆಕ್ಕ. ಬಯಲುಸೀಮೆಯಲ್ಲಿ ಸಾವಿರ ಜನ ಅಂದರೆ ಒಂದು ಊರು. ಮಲೆನಾಡಲ್ಲಿ ಒಂದು ಮನೆಯಿಂದ ಇನ್ನೊಂದು ಮನೆಗೆ ಒಂದು ಗುಡ್ಡ. "ಸೇವೆ ಮಾಡ್ತೀರಿ, ನಿಮಗೆ ದೇವರು ಒಳ್ಳೇದು ಮಾಡಲಿ" ಅಂತ ಜನ ಹೇಳುತ್ತಾರೆ. ಒಳ್ಳೆಯ ಮನಸ್ಸಿಂದಲೇ ಹೇಳುತ್ತಾರೆ. ಆದರೆ ನನ್ನ ಮಗಳ ಕಾಲೇಜು ಫೀಸು ಅದರಿಂದ ಕಟ್ಟಲು ಆಗುವುದಿಲ್ಲ. ದುಡಿಮೆಯನ್ನು ಸೇವೆ ಅಂತ ಕರೆದು ಕೂಲಿ ಕಡಿಮೆ ಕೊಡುವುದು ಸರಿಯಲ್ಲ. ಇದನ್ನು ಇಲ್ಲಿ ಹೇಳಲೇಬೇಕು ಅನ್ನಿಸಿತು.

ಸಿಕ್ಕಿದ್ದೂ ಇದೆ. ಮಂಗನ ಕಾಯಿಲೆ ನಿಮಗೆಲ್ಲ ಗೊತ್ತು. 1957ರಲ್ಲಿ ಮೊದಲು ಪತ್ತೆಯಾಗಿದ್ದು ನಮ್ಮ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಡಿಸೆಂಬರಿಂದ ಮೇವರೆಗೆ, ಕಾಡಲ್ಲಿ ಮೈಗೆ ಕಚ್ಚಿ ಅದನ್ನು ಹರಡುವ ಉಣುಗಿನ ಕಾಲ. ಉಣುಗು ಕಚ್ಚದ ಹಾಗೆ ಮೈಗೆ ಹಚ್ಚಿಕೊಳ್ಳುವ ಡೇಪಾ ಎಣ್ಣೆ ಹಿಡಿದು ನಾವು ಮನೆಮನೆಗೆ ಹೋಗುತ್ತೇವೆ. ಮೊದಲು ಡಿಎಂಪಿ ಎಣ್ಣೆ ಕೊಡುತ್ತಿದ್ದರು. ಕಾಡಿಗೆ ಹೋಗುವ ಮೊದಲು ಕೈಕಾಲು, ಕುತ್ತಿಗೆಗೆ ಹಚ್ಚಬೇಕು. ಬಂದ ಮೇಲೆ ಬಿಸಿನೀರಲ್ಲಿ ಸ್ನಾನ ಮಾಡಿ ಬಟ್ಟೆ ಬಿಸಿನೀರಿಗೆ ಹಾಕಬೇಕು. ಸತ್ತ ಮಂಗ ಕಂಡರೆ ಮುಟ್ಟದೆ ತಿಳಿಸಬೇಕು. ನೂರು ಸಲ ಹೇಳಿದ್ದೇನೆ, ಇನ್ನೂ ಹೇಳುತ್ತೇನೆ.

ನನ್ನ ಊರಲ್ಲಿ ಒಬ್ಬ ಅಮ್ಮ ಇದ್ದಾರೆ, ದಿನಾ ದರಗು (ಒಣಗಿದ ಎಲೆ) ತರಲು ಕಾಡಿಗೆ ಹೋಗುವವರು. ಎಣ್ಣೆ ಕೊಟ್ಟರೆ ತಗೊಂಡು ಕಿಟಕಿಯಲ್ಲಿ ಇಡುತ್ತಿದ್ದರು, ಹಚ್ಚುತ್ತಿರಲಿಲ್ಲ. ವಾಸನೆ ಆಗಲ್ಲ ಅಂತ. 2019ರಲ್ಲಿ ಅರಳಗೋಡು ಕಡೆ ಜನ ಸತ್ತ ಸುದ್ದಿ ಬಂದಾಗಲೂ "ನಂಗೆಂಥದೂ ಆಗಲ್ಲ" ಅಂದರು. ಒಂದು ದಿನ ನಾನು ಮಾತು ಬಿಟ್ಟು ಅವರ ಜಗಲಿಯಲ್ಲಿ ಕೂತೆ. ಬಾಟಲಿ ತೆಗೆದು ನನ್ನ ಕೈಗೆ ಸುರಿದುಕೊಂಡು ಅವರ ಕಾಲಿಗೆ ನಾನೇ ಹಚ್ಚಿದೆ. ಹಿಮ್ಮಡಿ ಒಡೆದು ಅದರ ಸಂದಿಯಲ್ಲಿ ಕಾಡಿನ ಮಣ್ಣು ಕೂತಿತ್ತು. ಅವರು ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡರು. "ನನ್ನ ಕಾಲು ಯಾರಾದರೂ ಮುಟ್ಟಿ ಎಷ್ಟು ವರ್ಷ ಆಯ್ತೋ" ಅಂದರು. ಅವತ್ತಿಂದ ಅವರೇ ಹಚ್ಚಿಕೊಳ್ಳುತ್ತಾರೆ. ನಾನು ಹೋದರೆ ಮಾತ್ರ ಬಾಟಲಿ ನನ್ನ ಕೈಗೆ ಕೊಟ್ಟು ಕಾಲು ಚಾಚುತ್ತಾರೆ.

ಈ ಕೆಲಸ ನನಗೆ ಪ್ರಾಣ. ಅದಕ್ಕೆ ಸರಿಯಾದ ಸಂಬಳವೂ ಬೇಕು. ಒಂದಿದ್ದರೆ ಇನ್ನೊಂದು ಬೇಡ ಅಂತ ಯಾರೂ ಹೇಳಬೇಡಿ.

ತುಂಗೆಯ ದಂಡೆ, ಭಾನುವಾರ ರಾತ್ರಿ

ಖಂಡಿತ ಹೇಳುವುದಿಲ್ಲ ತಂಗಿ. ನನಗೆ ಪಿಂಚಣಿ ಬರುತ್ತದೆ, ಮಧ್ಯಾಹ್ನ ಬಿಡುವಿದೆ, ಅದಕ್ಕೆ ದುಡ್ಡಿನ ಮಾತಿಲ್ಲದೆ ಹೋಗುತ್ತೇನೆ. ನಿಮ್ಮದು ದಿನವಿಡೀ ದುಡಿಮೆ. ಎರಡನ್ನೂ ಒಂದೇ ಹೆಸರಿಂದ ಕರೆಯಬಾರದು ಅಂತ ನನಗೆ ಇವತ್ತೇ ಹೊಳೆದಿದ್ದು.

ಈಗ ನಿಲ್ಲಿಸಿದ್ದೇನೆ (ಶಿವಮೊಗ್ಗ), ಸೋಮವಾರ ಬೆಳಿಗ್ಗೆ

ನಾನೂ ಒಂದು ಕಾಲದಲ್ಲಿ ಎಲ್ಲದಕ್ಕೂ ಮುಂದೆ ಇದ್ದವನು. 2019ರ ಆಗಸ್ಟ್‌ನಲ್ಲಿ ತುಂಗೆ ಉಕ್ಕಿ ಬಂದಾಗ ಒಂಬತ್ತು ದಿನ ಮನೆಗೆ ಸರಿಯಾಗಿ ಹೋಗಲಿಲ್ಲ. ಮನೆಗೆ ನೀರು ನುಗ್ಗಿದವರಿದ್ದ ಕಾಳಜಿ ಕೇಂದ್ರದಲ್ಲಿ ಬಟ್ಟೆ ವಿಂಗಡಿಸುವ ಕೆಲಸ ನನಗೆ ಬಂದಿತ್ತು. ಜನ ಮೂಟೆಗಟ್ಟಲೆ ಬಟ್ಟೆ ಕಳಿಸಿದರು. ಅರ್ಧಕ್ಕರ್ಧ ಹರಿದವು, ಗುಂಡಿ ಇಲ್ಲದವು. ಅಲ್ಲಿದ್ದ ಹೆಂಗಸರಿಗೆ ಬೇಕಾಗಿದ್ದು ಒಳಉಡುಪು, ಪ್ಯಾಡು, ಒಣಗಿದ ಚಾಪೆ, ಒಂದು ಬಕೆಟ್. ಯಾರಿಗೂ ಕೇಳಲು ಸಂಕೋಚ. ನನ್ನ ಹೆಂಡತಿಗೆ ಫೋನ್ ಮಾಡಿ ಕರೆಸಿದೆ, ಅವಳು ಕೂತು ಕೇಳಿ ಒಂದು ಪಟ್ಟಿ ಮಾಡಿದಳು. ಆಮೇಲೆ ಕೆಲಸ ಹಳಿಗೆ ಬಂತು. ಕೊಡುವ ಮೊದಲು ಕೇಳಬೇಕು ಅಂತ ಅಲ್ಲಿ ಕಲಿತೆ. ಈಗಲೂ ಯಾರ ಮನೆಗೆ ಹೋದರೂ ಅದು ನೆನಪಿರುತ್ತದೆ.

ಆಮೇಲೆ ಒಂದು ಸಂಸ್ಥೆ ಸೇರಿದೆ. ಹೆಸರು ಬೇಡ. ಅಲ್ಲಿ ಬ್ಯಾನರಿನ ಖರ್ಚು ಅಕ್ಕಿಯ ಖರ್ಚಿಗಿಂತ ಜಾಸ್ತಿ ಇತ್ತು. ಕಿಟ್ ಕೊಡುವಾಗ ಫೋಟೋ ತೆಗೆಯಬೇಕು, ತಗೊಳ್ಳುವವರು ಕ್ಯಾಮೆರಾ ನೋಡಬೇಕು. ಒಬ್ಬ ಅಜ್ಜಿ ಸೆರಗಿನಿಂದ ಮುಖ ಮುಚ್ಚಿಕೊಂಡರು. ಸೆರಗು ತೆಗೆಯಿರಿ ಅಂತ ನನ್ನ ಕೈಲೇ ಹೇಳಿಸಿದರು. ಹೇಳಿದೆ. ಆ ರಾತ್ರಿ ಊಟ ಸೇರಲಿಲ್ಲ. ಮಾರನೇ ದಿನದಿಂದ ಹೋಗುವುದನ್ನು ನಿಲ್ಲಿಸಿದೆ. ನಾಲ್ಕು ವರ್ಷ ಆಯಿತು.

ನಿಮ್ಮೆಲ್ಲರದ್ದು ಓದುವಾಗ ಹೊಟ್ಟೆಯಲ್ಲಿ ಏನೋ ಒಂದು ತರ ಆಗುತ್ತಿದೆ. ಬಿಟ್ಟಿದ್ದು ಸರಿಯೇ. ಆದರೆ ಅದರ ಜೊತೆಗೆ ಬೇರೆ ಏನನ್ನೋ ಬಿಟ್ಟೆನಾ ಅಂತ.

ಹೆಗ್ಗೋಡು ಪಕ್ಕದವ, ಸೋಮವಾರ ಮಧ್ಯಾಹ್ನ

ಸಂಸ್ಥೆ ಬಿಟ್ಟಿರಿ, ಕೆಲಸ ಬಿಡಬೇಕಾಗಿಲ್ಲ ಅಣ್ಣ.

ನಮ್ಮ ಕಡೆ 1949ರಲ್ಲಿ ಹಳ್ಳಿಯ ಜನ ಸೇರಿ ಕಟ್ಟಿದ ನಾಟಕ ಸಂಸ್ಥೆ ನೀನಾಸಂ. ಪೂರ್ತಿ ಹೆಸರು ನೀಲಕಂಠೇಶ್ವರ ನಾಟ್ಯಸೇವಾ ಸಂಘ. ಹೆಸರಲ್ಲೇ ಸೇವೆ ಇದೆ. ಅದನ್ನು ಮುಂದೆ ನಿಂತು ಬೆಳೆಸಿದ ಕೆ.ವಿ. ಸುಬ್ಬಣ್ಣ ಅವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅಡಿಕೆ ತೋಟದ ನಡುವಿನ ಊರಿಗೆ ಅದು ಬಂತು ಅನ್ನುವುದು ನನಗೆ ಇವತ್ತಿಗೂ ಹೆಮ್ಮೆ. ನಾನು ಹುಡುಗನಾಗಿದ್ದಾಗ ನಾಟಕ ಇದ್ದ ದಿನ ಬೆಂಚು ಹೊರುತ್ತಿದ್ದೆ, ಊಟಕ್ಕೆ ಎಲೆ ಹಾಕುತ್ತಿದ್ದೆ. ಬಡಿಸುತ್ತಾ ಬಡಿಸುತ್ತಾ ದೂರದ ಊರುಗಳಿಂದ ಬಂದವರ ಮಾತು ಕಿವಿಗೆ ಬೀಳುತ್ತಿತ್ತು. ನನ್ನದು ಏಳನೇ ಕ್ಲಾಸು. ನಾಲ್ಕು ಜನರ ಎದುರು ಹೆದರದೆ ಮಾತಾಡುವುದನ್ನು ನಾನು ಕಲಿತಿದ್ದು ಸಾರಿನ ಬಕೆಟ್ ಹಿಡಿದುಕೊಂಡು.

ಪಿಯು ಎರಡನೇ ವರ್ಷ (ತೀರ್ಥಹಳ್ಳಿ), ಸೋಮವಾರ ಸಂಜೆ

ಮೇಡಂ, ನನಗೊಂದು ಸಹಾಯ ಬೇಕು. ಕಣ್ಣು ಕಾಣದ ಒಬ್ಬರು ಅಕ್ಕನಿಗೆ ಡಿಗ್ರಿ ಪರೀಕ್ಷೆ ಬರೆದುಕೊಡಲು ನನ್ನನ್ನು ಕೇಳಿದ್ದಾರೆ. ಹೂಂ ಅಂದುಬಿಟ್ಟೆ. ಈಗ ಭಯ ಆಗ್ತಿದೆ. ನನ್ನ ತಪ್ಪಿಂದ ಅವರು ಫೇಲಾದರೆ?

ತುಂಗೆಯ ದಂಡೆ, ಸೋಮವಾರ ರಾತ್ರಿ

ಹೆದರಬೇಡ ಪುಟ್ಟಿ. ಒಳ್ಳೆಯ ಕೆಲಸ ಒಪ್ಪಿಕೊಂಡಿದ್ದೀಯ. ಬರೆಯುವವರ ಓದು ಪರೀಕ್ಷೆ ಕೊಡುವವರಿಗಿಂತ ಕೆಳಗಿರಬೇಕು ಅಂತ ನಿಯಮ ಇದೆ. ಅದಕ್ಕೇ ನನ್ನಂಥವರನ್ನು ಬಿಟ್ಟು ನಿನ್ನನ್ನು ಕೇಳಿದ್ದಾರೆ. ಗಂಟೆಗೆ 20 ನಿಮಿಷ ಹೆಚ್ಚಿಗೆ ಸಮಯ ಕೊಡುತ್ತಾರೆ. ಮೂರು ಗಂಟೆಯ ಪೇಪರ್ ಆದರೆ ನಾಲ್ಕು ಗಂಟೆ ಕೂರಬೇಕು, ತಿಂಡಿ ತಿಂದು ಹೋಗು.

ಪರೀಕ್ಷೆಗೆ ಮೊದಲು ಒಂದೆರಡು ದಿನ ಅವರ ಜೊತೆ ಕೂತು ಅಭ್ಯಾಸ ಮಾಡಿ. ಅವರು ಎಷ್ಟು ವೇಗ ಹೇಳುತ್ತಾರೆ, ನೀನು ಎಷ್ಟು ವೇಗ ಬರೆಯುತ್ತೀಯ ಅಂತ ಇಬ್ಬರಿಗೂ ಗೊತ್ತಾಗಲಿ. ಮೊದಲು ಪ್ರಶ್ನೆಪತ್ರಿಕೆ ಪೂರ್ತಿ ಓದಿ ಹೇಳು, ಯಾವುದಕ್ಕೆ ಎಷ್ಟು ಅಂಕ ಅಂತಲೂ ಹೇಳು. ಆಮೇಲೆ ಅವರು ಹೇಳಿದ್ದನ್ನಷ್ಟೇ ಬರೆ. ಉತ್ತರ ನಿನಗೆ ಗೊತ್ತಿದ್ದರೂ ಬಾಯಿ ಬಿಡಬೇಡ. ಅದು ಕಷ್ಟ, ನನಗೆ ಗೊತ್ತು. ಆದರೆ ಆ ಅಂಕ ಅವರದೇ ಆಗಬೇಕಲ್ವಾ? ಹೆಸರು, ಇಸವಿ ಬಂದಾಗ ಮಾತ್ರ ಒಂದು ಸಲ ತಿರುಗಿ ಓದಿ ಹೇಳು.

ಈಗ ನಿಲ್ಲಿಸಿದ್ದೇನೆ, ಮಂಗಳವಾರ ರಾತ್ರಿ

ಮೇಡಂ, ನಿಮ್ಮಲ್ಲಿ ಓದಲು ಇನ್ನೊಬ್ಬರು ಬೇಕಾ? ವಾರಕ್ಕೆ ಎರಡು ಗಂಟೆ ಕೊಡಬಲ್ಲೆ. ಅದಕ್ಕಿಂತ ಜಾಸ್ತಿ ಈ ಸಲ ಒಪ್ಪಿಕೊಳ್ಳುವುದಿಲ್ಲ ಅಂತ ಮನೆಯಲ್ಲಿ ಮಾತು ಕೊಟ್ಟಿದ್ದೇನೆ. ಫೋಟೋ ತೆಗೆಯುವವರು ಯಾರೂ ಇಲ್ಲ ತಾನೇ?

ತುಂಗೆಯ ದಂಡೆ, ಮಂಗಳವಾರ ರಾತ್ರಿ

ಯಾರೂ ಇಲ್ಲ. ಎರಡು ಗಂಟೆ ಬೇಕಾದಷ್ಟಾಯಿತು. ಗುರುವಾರ ಮಧ್ಯಾಹ್ನ ಬನ್ನಿ. ಇತಿಹಾಸ ಓದುವ ಒಬ್ಬ ಹುಡುಗನಿಗೆ ಗಂಡಸಿನ ದನಿಯಲ್ಲಿ ಕೇಳಬೇಕಂತೆ, ನನ್ನ ದನಿಗೆ ನಿದ್ದೆ ಬರುತ್ತದೆ ಅಂತಾನೆ.

ಸಂಕದಾಚೆ, ಬುಧವಾರ ಬೆಳಿಗ್ಗೆ

ಆಶಾ ಅಕ್ಕ, ನಮ್ಮ ಆಚೆ ದಂಡೆಯ ಹದಿನಾಲ್ಕು ಮನೆಯವರೂ ಸೊಪ್ಪು, ದರಗು ತರಲು ಕಾಡಿಗೆ ಹೋಗುವವರೇ. ಎಣ್ಣೆ ಹೇಗೆ ಹಚ್ಚಬೇಕು ಅಂತ ನೀವು ಬರೆದಿದ್ದನ್ನು ನಿನ್ನೆ ಓದಿ ಹೇಳಿದೆ. ನಮ್ಮ ಊರಿನ ಆಶಾ ಅಕ್ಕ ಬರುವ ದಿನ ಬಾಟಲಿಯ ಚೀಲ ಹೊತ್ತು ನಾನೂ ಜೊತೆಗೆ ಹೋಗುತ್ತೇನೆ. ನಾನು ಸಂಬಳ ಕೇಳುವವನಲ್ಲ. ಆದರೆ ಅವರ ಸಂಬಳ ಕೇಳುವ ಅರ್ಜಿಗೆ ಸಹಿ ಹಾಕಬೇಕು ಅಂದರೆ ನಮ್ಮೂರಿನಿಂದ ಎಲ್ಲರದೂ ಮಾಡಿಸಿ ಕೊಡುತ್ತೇನೆ.

ಪಿಯು ಎರಡನೇ ವರ್ಷ, ಮುಂದಿನ ಸೋಮವಾರ ಸಂಜೆ

ಮೇಡಂ, ಇವತ್ತು ಮೊದಲ ಪೇಪರ್ ಆಯಿತು! ನೀವು ಹೇಳಿದ ಹಾಗೇ ಮಾಡಿದೆ. ಒಂದು ಪ್ರಶ್ನೆಗೆ ಅಕ್ಕ ಉತ್ತರ ತಪ್ಪು ಹೇಳುತ್ತಿದ್ದಾರೆ ಅನ್ನಿಸಿ ನನ್ನ ಪೆನ್ನು ನಿಂತಿತು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು "ಅದನ್ನು ಹೊಡೆದು ಹಾಕು, ಸರಿಯಾಗಿ ಹೇಳ್ತೀನಿ" ಅಂದರು. ಅವರೇ ಸರಿ ಮಾಡಿದರು. ನಾನು ಏನೂ ಹೇಳಲಿಲ್ಲ, ನಿಜವಾಗಿ. ಆಮೇಲೆ, ಹಾಗೆ ಪೆನ್ನು ನಿಲ್ಲಿಸಿದ್ದೂ ಸರಿಯಲ್ಲ ಅಂದರು ಅಕ್ಕ. ಪೆನ್ನು ನಿಂತಿದ್ದು ಅವರಿಗೆ ಕೇಳಿಸಿತಂತೆ. ಮುಂದಿನ ಸಲ ನಿಲ್ಲಿಸಬೇಡ, ನನ್ನ ತಪ್ಪು ನಾನೇ ಹುಡುಕಿಕೊಳ್ತೀನಿ ಅಂದರು.

ನಾಲ್ಕು ಗಂಟೆ ಬರೆದು ಬೆರಳು ಮರಗಟ್ಟಿ ಹೋಗಿತ್ತು. ನಾನೇನೂ ಹೇಳಿರಲಿಲ್ಲ. ಹೊರಗೆ ಕಟ್ಟೆ ಮೇಲೆ ಕೂತಾಗ ಅಕ್ಕ ನನ್ನ ಬಲಗೈ ಹುಡುಕಿ ಹಿಡಿದುಕೊಂಡು ಒಂದೊಂದೇ ಬೆರಳು ನೀವಿದರು. ತುಂಬಾ ಹೊತ್ತು. ಬಸ್ ಬರುವವರೆಗೂ.

ಶುಕ್ರವಾರ ಇನ್ನೊಂದು ಪೇಪರ್ ಇದೆ.